ಗೆರೆ ಮಣ್ಣಿನೊಳಗೇ ಇರಬೇಕು: ಹೆನಾನ್‌ನ ಜಿಯಾವೊತಾಯ್ ಪಾತ್ರೆಗಳ ವಿಮರ್ಶೆ

ಎರಡು ಬಣ್ಣದ ಜೇಡಿಮಣ್ಣನ್ನು ಪದರ ಪದರವಾಗಿ ಜೋಡಿಸಿ, ಒತ್ತಿ, ಹೊಸೆದು, ಕೊಯ್ದು, ಆ ಪದರಗಳ ಗೆರೆಗಳೇ ಪಾತ್ರೆಯ ಚಿತ್ತಾರವಾಗುವಂತೆ ಮಾಡುವ ಕುಂಬಾರಿಕೆಯನ್ನು ಚೀನಾದಲ್ಲಿ ಜಿಯಾವೊತಾಯ್ ಎಂದು ಕರೆಯುತ್ತಾರೆ. ತಾಂಗ್ ರಾಜವಂಶದ ಕಾಲದಲ್ಲಿ (618–907) ಬೆಳಕಿಗೆ ಬಂದ ಈ ವಿದ್ಯೆ, ಉತ್ತರ ಸೊಂಗ್ ಕಾಲದಲ್ಲಿ (960–1127) ಹೆನಾನ್ ಪ್ರಾಂತ್ಯದ ಶ್ಯೂವು ಕೌಂಟಿಯ ದಾಂಗ್‌ಯಾಂಗ್‌ಯೂ ಹಳ್ಳಿಯ ಆವಿಗೆಗಳಲ್ಲಿ ಪ್ರೌಢಿಗೆ ಬಂದು, ಆಮೇಲೆ ಶತಮಾನಗಳ ಕಾಲ ನಿಂತುಹೋಗಿ, ಇತ್ತೀಚಿನ ದಶಕಗಳಲ್ಲಿ ಅದೇ ಪ್ರದೇಶದ ಕುಶಲಕರ್ಮಿಗಳ ಕೈಯಲ್ಲಿ ಮರುಜೀವ ಪಡೆದಿದೆ. ಆ ಪ್ರದೇಶದ ಒಂದು ಸಣ್ಣ ಕಾರ್ಯಾಗಾರದ ಮಳಿಗೆಯಲ್ಲಿ ಕೊಂಡ ಮೂರು ವಸ್ತುಗಳನ್ನು ಈ ಬರಹದಲ್ಲಿ ಪರಿಶೀಲಿಸುತ್ತಿದ್ದೇನೆ: ಗರಿಯ ಚಿತ್ತಾರವಿರುವ ಚಹಾ ಬಟ್ಟಲು, ಸುಳಿಗೆರೆಗಳ ಬೋಗುಣಿ, ಮತ್ತು ತಾಂಗ್ ಕಾಲದ ಪುಟ್ಟ ಸುಟ್ಟಮಣ್ಣಿನ ದಿಂಬಿನ ಪ್ರತಿಕೃತಿ.

ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ಜಿಯಾವೊತಾಯ್ ಪಾತ್ರೆಯನ್ನು ಅದರ ಒಳಮೈ, ಬಾಯಂಚು ಮತ್ತು ತಳವನ್ನು ನೋಡಿಯೇ ಅಳೆಯಬೇಕು. ಹೊರಮೈಯಲ್ಲಿ ಕಾಣುವ ಗೆರೆ ಗೋಡೆಯ ದಪ್ಪವನ್ನು ಹಾದು ಒಳಗೂ ಕಾಣಿಸಿಕೊಂಡರೆ ಕುಂಬಾರನ ಶ್ರಮ ನಿಜವಾದದ್ದು. ಆ ಗೆರೆಯನ್ನು ಮಸುಕಾಗದಂತೆ ತೋರಿಸುವುದಷ್ಟೇ ಗ್ಲೇಜಿನ, ಅಂದರೆ ಮೇಲಿನ ಗಾಜಿನಂಥ ಲೇಪದ, ಕರ್ತವ್ಯ. ಮೂರೂ ವಸ್ತುಗಳನ್ನು ಈ ಒಂದೇ ಒರೆಗಲ್ಲಿಗೆ ಉಜ್ಜಿದಾಗ ಮೂರು ಬೇರೆ ಬೇರೆ ಫಲಿತಾಂಶಗಳು ಬಂದವು.

ಚಹಾ ಬಟ್ಟಲಿನಿಂದ ಆರಂಭಿಸುತ್ತೇನೆ, ಏಕೆಂದರೆ ಈ ಮೂರರಲ್ಲಿ ಅದೇ ಶ್ರೇಷ್ಠ. ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದಾದ, ಮೇಲಕ್ಕೆ ಸ್ವಲ್ಪ ಅರಳಿದ ಆಕಾರ. ಬಿಳಿ ಮತ್ತು ಗಾಢ ಕಂದು ಎಂಬ ಎರಡೇ ಬಣ್ಣ. ಹಕ್ಕಿಯ ಗರಿಯಲ್ಲಿ ನಡುದಂಟಿನ ಎರಡೂ ಬದಿಗೆ ಎಳೆಗಳು ಓರೆಯಾಗಿ ಹೊರಟಂತೆ ಇಲ್ಲಿ ಗೆರೆಗಳು ತಳದಿಂದ ಬಾಯಂಚಿನವರೆಗೆ ಸಾಲುಸಾಲಾಗಿ ಏರುತ್ತವೆ. ಸೊಂಗ್ ಕಾಲದ ದಾಂಗ್‌ಯಾಂಗ್‌ಯೂ ಕುಂಬಾರರು ಹೆಸರು ಮಾಡಿದ್ದು ಇದೇ ಗರಿ ಚಿತ್ತಾರದಿಂದ. ಅದನ್ನು ತಿಗರಿಯ ಮೇಲೆ ಎತ್ತಲು ಸಾಧ್ಯವಿಲ್ಲ ಎಂಬುದನ್ನು ಕೊಳ್ಳುವವರು ತಿಳಿದಿರಬೇಕು. ಎರಡು ಮಣ್ಣನ್ನು ಒಟ್ಟಿಗೆ ನಾದಿ ತಿಗರಿಗೆ ಏರಿಸಿದರೆ ಗೆರೆಗಳು ಚಕ್ರದ ಸುತ್ತಿಗೆ ಎಳೆದುಕೊಂಡು ಸುರುಳಿಯಾಗುತ್ತವೆ. ಅದಕ್ಕೂ ತನ್ನದೇ ಚೆಲುವಿದೆ, ಆದರೆ ಅದು ಗಾಲಿಯ ಗತಿ ಬರೆದ ಚಿತ್ತಾರ. ಗರಿ ಬೇಕಾದರೆ ಮೊದಲು ತೆಳು ಹಾಳೆಗಳನ್ನು ಒಂದರ ಮೇಲೊಂದು ಒಟ್ಟಿ ದಿಮ್ಮಿ ಮಾಡಬೇಕು, ದಿಮ್ಮಿಯನ್ನು ಓರೆಯಾಗಿ ಕೊಯ್ಯಬೇಕು, ಕೊಯ್ದ ಬಿಲ್ಲೆಗಳನ್ನು ಗೆರೆಗಳು ಎದುರುಬದುರಾಗುವಂತೆ ತಿರುಗಿಸಿ ಮತ್ತೆ ಅಂಟಿಸಬೇಕು, ಹಾಗೆ ಸಿದ್ಧವಾದ ಹಲಗೆಯನ್ನು ಅಚ್ಚಿನಲ್ಲಿ ಒತ್ತಿ ಬಟ್ಟಲಿನ ರೂಪ ಕೊಡಬೇಕು. ಪ್ರತಿ ಹಂತದಲ್ಲಿಯೂ ಬೆರಳಿನ ಒತ್ತಡ ಒಂದಿಷ್ಟು ಹೆಚ್ಚಾದರೆ ಗೆರೆ ಬಾಗುತ್ತದೆ, ಕಡಿಮೆಯಾದರೆ ಬೆಸುಗೆ ಕೂಡುವುದಿಲ್ಲ.

ಅದಕ್ಕಿಂತ ದೊಡ್ಡ ತೊಡಕು ಕಣ್ಣಿಗೆ ಕಾಣದ್ದು. ಎರಡು ಬೇರೆ ಮಣ್ಣುಗಳು ಒಣಗುವಾಗ ಮತ್ತು ಸುಡುವಾಗ ಬೇರೆ ಬೇರೆ ಪ್ರಮಾಣದಲ್ಲಿ ಕುಗ್ಗುತ್ತವೆ. ಒಂದು ಪದರ ತನ್ನ ಪಕ್ಕದ ಪದರಕ್ಕಿಂತ ಬೇಗ ಕುಗ್ಗಿದರೆ ನಡುವಿನ ಬೆಸುಗೆಯೇ ಬಿರುಕಾಗುತ್ತದೆ. ಇಂಥ ಬೆಸುಗೆಗಳು ಒಂದು ಪುಟ್ಟ ಬಟ್ಟಲಿನಲ್ಲಿಯೂ ಹೇರಳವಾಗಿರುವುದರಿಂದ ಬಿರುಕಿಗೆ ದಾರಿಗಳೂ ಅಷ್ಟೇ ಇರುತ್ತವೆ. ಇದಕ್ಕೆ ಕುಂಬಾರರ ಪರಿಹಾರ, ಒಂದೇ ಬಿಳಿ ಮಣ್ಣನ್ನು ಮೂಲವಾಗಿ ಇಟ್ಟುಕೊಂಡು ಅದರ ಒಂದು ಪಾಲಿಗೆ ಕಬ್ಬಿಣದ ಅಂಶವಿರುವ ಬಣ್ಣದ ಮಣ್ಣನ್ನು ಬೆರೆಸುವುದು; ಆಗ ಎರಡರ ಸ್ವಭಾವವೂ ಹತ್ತಿರ ಹತ್ತಿರ ಉಳಿಯುತ್ತದೆ. ಆದರೂ ಕಬ್ಬಿಣ ಹೆಚ್ಚಾದಷ್ಟೂ ಆ ಮಣ್ಣು ಕಡಿಮೆ ಶಾಖಕ್ಕೇ ಮೆತ್ತಗಾಗುತ್ತದೆ, ವಿಶೇಷವಾಗಿ ಆವಿಗೆಯೊಳಗೆ ಗಾಳಿ ಸಾಲದೆ ಹೊಗೆ ತುಂಬಿದಾಗ. ಆದ್ದರಿಂದ ಒಣಗಿಸುವುದು ನಿಧಾನವಾಗಿ, ಮುಚ್ಚಿಟ್ಟು, ನೆರಳಿನಲ್ಲಿ ನಡೆಯಬೇಕು, ಬೆಂಕಿಯನ್ನೂ ಹಾಗೆಯೇ ತಾಳ್ಮೆಯಿಂದ ಏರಿಸಬೇಕು. ಜಿಯಾವೊತಾಯ್ ಪಾತ್ರೆಯ ಬೆಲೆ ಅದೇ ಗಾತ್ರದ ಸಾದಾ ಬಟ್ಟಲಿಗಿಂತ ಹಲವು ಪಟ್ಟು ಹೆಚ್ಚಿರುವುದಕ್ಕೆ ಕಾರಣ ಈ ಕೈಕೆಲಸ ಮತ್ತು ಆವಿಗೆಯಲ್ಲಿ ಆಗುವ ನಷ್ಟ. ಆ ಕಾರಣ ನನಗೆ ನ್ಯಾಯವೆನಿಸುತ್ತದೆ.

ನನ್ನ ಬಟ್ಟಲನ್ನು ಬೆಳಕಿಗೆ ಹಿಡಿದು ನೋಡಿದರೆ ಹೊರಗಿನ ಪ್ರತಿಯೊಂದು ಗರಿಗೂ ಒಳಗೆ ಜೋಡಿ ಇದೆ. ಅವು ಪರಸ್ಪರ ತದ್ರೂಪಗಳಲ್ಲ, ಏಕೆಂದರೆ ಪದರಗಳು ಗೋಡೆಯನ್ನು ಓರೆಯಾಗಿ ಹಾಯುತ್ತವೆ. ಹೊರಗೆ ತೆಳ್ಳಗಿರುವ ಕಂದು ಗೆರೆ ಒಳಗೆ ಸ್ವಲ್ಪ ಅಗಲವಾಗಿದೆ, ಸ್ವಲ್ಪ ಪಕ್ಕಕ್ಕೆ ಸರಿದಿದೆ. ಈ ಸಣ್ಣ ವ್ಯತ್ಯಾಸವೇ ಸಾಚಾತನಕ್ಕೆ ಗುರುತು. ಬಾಯಂಚಿನಲ್ಲಿ ಬಿಳಿ ಮಣ್ಣಿನ ಒಂದು ತೆಳು ಪಟ್ಟಿಯನ್ನು ಕೂಡಿಸಲಾಗಿದೆ. ಚಿತ್ತಾರ ಅಲ್ಲಿ ನಿಲ್ಲುತ್ತದೆಯಲ್ಲ ಎಂದು ಅನುಮಾನಪಡಬೇಕಾಗಿಲ್ಲ. ಸೊಂಗ್ ಕಾಲದ ಗರಿ ಚಿತ್ತಾರದ ಭರಣಿಗಳಲ್ಲಿಯೂ ಬಾಯಿ ಮತ್ತು ಪಾದಗಳನ್ನು ಹೀಗೆ ಅಚ್ಚ ಬಿಳಿ ಮಣ್ಣಿನಲ್ಲಿ ಮುಗಿಸುತ್ತಿದ್ದರು. ಅದು ಪದರಗಳ ಕೊನೆಗಳನ್ನು ಹಿಡಿದು ನಿಲ್ಲಿಸುತ್ತದೆ, ಕಣ್ಣಿಗೂ ಒಂದು ಗಡಿಯನ್ನು ಕೊಡುತ್ತದೆ, ಚಹಾ ಕುಡಿಯುವಾಗ ತುಟಿಗೆ ನಯವಾಗಿಯೂ ಇರುತ್ತದೆ. ಬಟ್ಟಲಿನ ತಳದಲ್ಲಿ ಗ್ಲೇಜ್ ತಾಗದ ಬಳೆಯಷ್ಟು ಜಾಗವಿದೆ; ಅಲ್ಲಿ ಉಗುರಿನಿಂದ ಸವರಿದಾಗ ಕಂದು ಮತ್ತು ಬಿಳಿ ಪದರಗಳ ನಡುವೆ ಏರುತಗ್ಗು ಸಿಗಲಿಲ್ಲ. ಎರಡು ಮಣ್ಣೂ ಒಂದೇ ಸಮನೆ ಕುಗ್ಗಿವೆ ಎಂಬುದಕ್ಕೆ ಇದಕ್ಕಿಂತ ಸರಳವಾದ ಪರೀಕ್ಷೆ ನನಗೆ ಗೊತ್ತಿಲ್ಲ.

ಗ್ಲೇಜ್ ಬಣ್ಣವಿಲ್ಲದ ಪಾರದರ್ಶಕ ಲೇಪ, ಹೆಚ್ಚಿನ ಶಾಖದಲ್ಲಿ ಬೆಂದದ್ದು, ತೆಳುವಾಗಿದೆ. ತೆಳುವಾಗಿರುವುದು ಇಲ್ಲಿ ಗುಣವೇ ಹೊರತು ಜಿಪುಣತನವಲ್ಲ. ದಪ್ಪ ಗ್ಲೇಜಿನಲ್ಲಿ ಸಿಕ್ಕಿಬೀಳುವ ಸೂಕ್ಷ್ಮ ಗುಳ್ಳೆಗಳು ಬೆಳಕನ್ನು ಚದುರಿಸಿ ಗೆರೆಯ ಅಂಚನ್ನು ಮಂಜಾಗಿಸುತ್ತವೆ, ಜೊತೆಗೆ ಕಂದು ಮಣ್ಣಿನ ಕಬ್ಬಿಣ ಕರಗಿದ ಗ್ಲೇಜಿಗೆ ಇಳಿದು ಪಕ್ಕದ ಬಿಳಿಯನ್ನೂ ಮಾಸಲು ಮಾಡುತ್ತದೆ. ನನ್ನ ಬಟ್ಟಲಿನಲ್ಲಿ ಒಳಗಿನ ತಳದ ನಡುವೆ ಮಾತ್ರ, ಗ್ಲೇಜ್ ಇಳಿದು ಮಡುಗಟ್ಟಿದ ಕಡೆ, ಗೆರೆಗಳು ಕೊಂಚ ಕರಗಿದಂತೆ ಕಾಣುತ್ತವೆ. ಅದು ದೋಷವೇ, ಆದರೆ ಕ್ಷಮಿಸಬಹುದಾದದ್ದು. ಬಿಸಿನೀರು ಸುರಿದಾಗ ಬಟ್ಟಲು ತಡೆದುಕೊಂಡಿದೆ, ಬೆರಳಿಂದ ತಟ್ಟಿದರೆ ಸ್ವಚ್ಛವಾದ ನಾದ ಬರುತ್ತದೆ, ಕಡುಬಣ್ಣದ ಚಹಾ ಕುಡಿದ ಮೇಲೂ ಕಲೆ ಉಳಿದಿಲ್ಲ. ಗೋಡೆ ಸ್ವಲ್ಪ ದಪ್ಪವಾದ್ದರಿಂದ ಕೈ ಸುಡುವುದಿಲ್ಲ. ಪದರಗಳನ್ನು ಜೋಡಿಸಿದ ಮಣ್ಣನ್ನು ಕಾಗದದಷ್ಟು ತೆಳುವಾಗಿ ಕೆತ್ತುವುದು ಅಪಾಯಕರವಾದ್ದರಿಂದ ಈ ದಪ್ಪ ಅನಿವಾರ್ಯವೂ ಹೌದು. ಬಿಳಿ ಪಿಂಗಾಣಿಯ ಹಗುರತನವನ್ನು ಬಯಸುವವರಿಗೆ ಇದು ಭಾರವೆನಿಸಬಹುದು. ಸುಮಾರು 400 ಯುವಾನ್ ಕೊಟ್ಟಿದ್ದಕ್ಕೆ ನನಗೆ ಸಂಪೂರ್ಣ ತೃಪ್ತಿಯಿದೆ.

ಎರಡನೆಯದು ಬೋಗುಣಿ. ಮೊದಲ ನೋಟಕ್ಕೆ ಇದೇ ಹೆಚ್ಚು ಮನಸೆಳೆಯುತ್ತದೆ: ಬಿಳಿ, ಕಂದು ಮತ್ತು ಕಪ್ಪು ಗೆರೆಗಳು ಹರಿವ ನೀರಿನ ಸುಳಿಗಳಾಗಿ ಇಡೀ ಹೊರಮೈಯನ್ನು ಆವರಿಸಿವೆ. ಆದರೆ ತಿರುಗಿಸಿ ತಳ ನೋಡಿದರೆ ಗ್ಲೇಜಿಲ್ಲದ ಭಾಗದಲ್ಲಿ ಒಂದೇ ಬಣ್ಣದ ಬೂದುಮಿಶ್ರಿತ ಮಣ್ಣು. ಒಳಮೈ ಅಚ್ಚ ಬಿಳಿ. ಅಂದರೆ ಇಲ್ಲಿ ಚಿತ್ತಾರವಿರುವುದು ಮಣ್ಣಿನ ಮೈಯಲ್ಲಿ ಅಲ್ಲ, ಮೈಮೇಲೆ. ನೀರಾಗಿ ಕಲಸಿದ ಬೇರೆ ಬೇರೆ ಬಣ್ಣದ ಮಣ್ಣನ್ನು ಹಸಿ ಪಾತ್ರೆಯ ಮೇಲೆ ಸುರಿದು, ಪಾತ್ರೆಯನ್ನು ಅಲುಗಾಡಿಸಿಯೋ ಕಡ್ಡಿಯಿಂದ ಎಳೆದೋ ಸುಳಿಗಳನ್ನು ಎಬ್ಬಿಸಿ, ಅದರ ಮೇಲೆ ಪಾರದರ್ಶಕ ಗ್ಲೇಜ್ ಕೊಟ್ಟು ಸುಡುವ ವಿಧಾನವಿದು. ಚೀನಾದಲ್ಲಿ ಇದನ್ನು ಜಿಯಾವೊಯೌ ಎನ್ನುತ್ತಾರೆ. ಇದು ನಕಲಿ ವಿದ್ಯೆಯೇನೂ ಅಲ್ಲ. ಸೊಂಗ್ ಕಾಲದ ಹೆನಾನ್ ಆವಿಗೆಗಳಲ್ಲಿ ಇದೂ ನಡೆಯುತ್ತಿತ್ತು, ಮತ್ತು ಒದ್ದೆ ಮಣ್ಣು ಹೆಪ್ಪುಗಟ್ಟುವ ಮುನ್ನ ಕೆಲವೇ ಕ್ಷಣಗಳಲ್ಲಿ ಕೈ ನಿರ್ಧಾರ ತೆಗೆದುಕೊಳ್ಳಬೇಕಾದ್ದರಿಂದ ಅದರಲ್ಲಿ ಗರಿ ಚಿತ್ತಾರಕ್ಕೆ ಒಗ್ಗದ ಒಂದು ಸ್ವಚ್ಛಂದತೆ ಇದೆ. ಈ ಬೋಗುಣಿಯ ಒಂದು ಬದಿಯಲ್ಲಿ ಕಪ್ಪು ಗೆರೆ ಬಿಳಿಯೊಳಗೆ ನುಗ್ಗಿ, ತಿರುಗಿ, ತನ್ನೊಳಗೇ ಮುಚ್ಚಿಕೊಂಡಿರುವ ರೀತಿಯನ್ನು ನಾನು ಮತ್ತೆ ಮತ್ತೆ ನೋಡುತ್ತೇನೆ.

ಆಕ್ಷೇಪವಿರುವುದು ಮಾರಾಟದ ಕ್ರಮಕ್ಕೆ. ಮಳಿಗೆಯಲ್ಲಿ ಬಟ್ಟಲಿಗೂ ಬೋಗುಣಿಗೂ ಜಿಯಾವೊತಾಯ್ ಎಂಬ ಒಂದೇ ಹೆಸರಿನ ಚೀಟಿ ಅಂಟಿಸಲಾಗಿತ್ತು, ಬೆಲೆಯಲ್ಲಿಯೂ ಹೆಚ್ಚಿನ ಅಂತರವಿರಲಿಲ್ಲ. ದಿನಗಟ್ಟಲೆ ಪದರ ಜೋಡಿಸಿ ಮಾಡಿದ ವಸ್ತುವನ್ನೂ ಒಂದೇ ಬೀಸಿನಲ್ಲಿ ಅಲಂಕರಿಸಿದ ವಸ್ತುವನ್ನೂ ಒಂದೇ ಹೆಸರಿನಡಿ ಮಾರಿದರೆ, ಕೊಳ್ಳುವವರಿಗೆ ಮೋಸವಾಗುವುದಕ್ಕಿಂತ ಮೊದಲು ಪದರ ಜೋಡಿಸಿದ ಕೈಗಳಿಗೇ ಅನ್ಯಾಯವಾಗುತ್ತದೆ. ನಾನು ವಿಚಾರಿಸಿದಾಗ ಅಲ್ಲಿದ್ದವರು ವ್ಯತ್ಯಾಸವನ್ನು ಒಪ್ಪಿಕೊಂಡು ವಿವರವಾಗಿ ತಿಳಿಸಿದರು, ಅದನ್ನು ಗೌರವದಿಂದ ದಾಖಲಿಸುತ್ತೇನೆ. ಆದರೂ ಕೇಳಿದವರಿಗೆ ಮಾತ್ರ ಹೇಳುವ ಸತ್ಯ ಚೀಟಿಯ ಮೇಲೆ ಎಲ್ಲರಿಗೂ ಕಾಣುವಂತಿರಬೇಕಿತ್ತು.

ಅದೇ ಮಳಿಗೆಯ ಒಂದು ಕ್ರಮವನ್ನು ಮಾತ್ರ ಮನಸಾರೆ ಮೆಚ್ಚಿದೆ. ಕಟ್ಟೆಯ ಮೇಲೆ ಒಂದು ತಟ್ಟೆಯಲ್ಲಿ, ಆವಿಗೆಯಲ್ಲಿ ಒಡೆದ ಪಾತ್ರೆಗಳ ಚೂರುಗಳನ್ನು ಇಟ್ಟಿದ್ದರು. ಯಾರು ಬೇಕಾದರೂ ಎತ್ತಿ ಅಡ್ಡಕೊಯ್ತವನ್ನು ನೋಡಬಹುದಿತ್ತು. ಚೂರಿನ ಅಂಚಿನಲ್ಲಿ ಪದರಗಳು ಹೊರಗಿನಿಂದ ಒಳಗೆ ಹಾದುಹೋಗುವುದನ್ನು ಒಮ್ಮೆ ಕಂಡವರಿಗೆ ಮತ್ತೆ ಯಾವ ವಿವರಣೆಯೂ ಬೇಕಾಗುವುದಿಲ್ಲ. ಚೂರುಗಳಿಂದ ಕಲಿಯುವ ಪದ್ಧತಿ ಈ ಊರಿಗೆ ಹೊಸದೂ ಅಲ್ಲ. 1930ರ ದಶಕದಲ್ಲಿ ಸ್ವೀಡನ್ನಿನ ರೈಲ್ವೆ ಎಂಜಿನಿಯರ್ ಆರ್ವಾರ್ ಕಾರ್ಲ್‌ಬೆಕ್ ಶ್ಯೂವು ಕೌಂಟಿಯನ್ನೂ ಒಳಗೊಂಡ ಜಿಯಾವೊಜುವೊ ಸುತ್ತಲಿನ ಹಳೆಯ ಆವಿಗೆಗಳ ನೆಲೆಗೆ ಹೋಗಿ, ಆಮೇಲೆ ಅಲ್ಲಿನ ಪಾತ್ರೆಗಳ ಬಗ್ಗೆ ಬರೆದರು.

ಮೂರನೆಯ ವಸ್ತುವಾದ ದಿಂಬಿನ ಬಗ್ಗೆ ಹೇಳಬೇಕಾದದ್ದು ಹೆಚ್ಚಿದೆ, ಏಕೆಂದರೆ ಅದು ನಮ್ಮನ್ನು ಇನ್ನೂ ಹಿಂದಕ್ಕೆ, ತಾಂಗ್ ಕಾಲದ ಗೊಂಗ್‌ಶಿಯಾನ್ ಆವಿಗೆಗಳ ಕಡೆಗೆ ಕರೆದೊಯ್ಯುತ್ತದೆ. ಇಂದು ಗೊಂಗ್‌ಯಿ ಎಂದು ಕರೆಯುವ ಆ ಊರೂ ಹೆನಾನ್‌ನಲ್ಲಿಯೇ ಇದೆ. ಹಸಿರು, ಕಂದುಹಳದಿ, ನೀಲಿ ಬಣ್ಣಗಳು ಹರಿದು ಬೆರೆಯುವ ಸಾನ್‌ತ್ಸಾಯ್ ಪಾತ್ರೆಗಳಿಗೆ ಪ್ರಸಿದ್ಧವಾದ ಆ ಆವಿಗೆಗಳಲ್ಲಿಯೇ ಎರಡು ಮಣ್ಣಿನ ಪಾತ್ರೆಗಳೂ ತಯಾರಾಗುತ್ತಿದ್ದವು. ಆ ಕಾಲದ ಗ್ಲೇಜ್ ಸೀಸದ್ದು. ಸೀಸದ ಆಕ್ಸೈಡ್ ಮರಳಿನಂಥ ಸಿಲಿಕಾವನ್ನು ಕಡಿಮೆ ಶಾಖದಲ್ಲಿಯೇ ಕರಗಿಸುವುದರಿಂದ, ಮೊದಲು ಹೆಚ್ಚಿನ ಉರಿಯಲ್ಲಿ ಬರಿಯ ಮಣ್ಣನ್ನು ಸುಟ್ಟು, ಆಮೇಲೆ ಗ್ಲೇಜ್ ಹಚ್ಚಿ ಅದಕ್ಕಿಂತ ಕಡಿಮೆ ಉರಿಯಲ್ಲಿ ಎರಡನೆಯ ಬಾರಿ ಸುಡುತ್ತಿದ್ದರು. ತಾಮ್ರ ಹಸಿರನ್ನೂ ಕಬ್ಬಿಣ ಕಂದುಹಳದಿಯನ್ನೂ ಕೋಬಾಲ್ಟ್ ನೀಲಿಯನ್ನೂ ಕೊಡುತ್ತಿತ್ತು. ಎರಡು ಮಣ್ಣಿನ ಪಾತ್ರೆಗೆ ಇಂಥ ಬಣ್ಣದ ಗ್ಲೇಜ್ ಕೊಟ್ಟಾಗ ಬಿಳಿ ಗೆರೆ ಜೇನುಬಣ್ಣಕ್ಕೆ ತಿರುಗುತ್ತದೆ, ಕಂದು ಗೆರೆ ಇನ್ನಷ್ಟು ಆಳವಾಗುತ್ತದೆ. ಸೊಂಗ್ ಕಾಲದ ಬಿಳಿ-ಕಂದಿನ ಸ್ಪಷ್ಟತೆಗಿಂತ ಈ ಬೆಚ್ಚನೆಯ ಬಣ್ಣವನ್ನೇ ಇಷ್ಟಪಡುವವರು ಇದ್ದಾರೆ. ನನ್ನ ಒಲವು ಸೊಂಗ್ ಕಡೆಗೇ.

ತಾಂಗ್ ಕಾಲದ ಈ ವಿದ್ಯೆಯ ಅತ್ಯುತ್ತಮ ನಿದರ್ಶನವೆಂದು ನಾನು ಎಣಿಸುವುದು ಶಿಯಾನ್ ನಗರದ ಶಾನ್‌ಶಿ ಇತಿಹಾಸ ವಸ್ತುಸಂಗ್ರಹಾಲಯದಲ್ಲಿರುವ ಬಿಲ್ಲುಗಾರ ಸವಾರನ ಪ್ರತಿಮೆಯನ್ನು. 701ರಲ್ಲಿ ತನ್ನ ಅಜ್ಜಿ, ಸಾಮ್ರಾಜ್ಞಿ ವು ಝೆತಿಯಾನ್‌ಳ ಕೋಪಕ್ಕೆ ಬಲಿಯಾದ ರಾಜಕುಮಾರ ಲಿ ಚೊಂಗ್‌ರುನ್‌ಗೆ ಆಮೇಲೆ ಯಿದೆ ಎಂಬ ಪದವಿಯನ್ನು ಕೊಟ್ಟು 706ರಲ್ಲಿ ಚಿಯಾನ್‌ಲಿಂಗ್ ಸಮಾಧಿ ಸಮುಚ್ಚಯದಲ್ಲಿ ಮತ್ತೆ ಹೂಳಲಾಯಿತು. 1970ರ ದಶಕದ ಆರಂಭದಲ್ಲಿ ಆ ಸಮಾಧಿಯನ್ನು ಅಗೆದಾಗ ದೊರೆತ ಪ್ರತಿಮೆಯಿದು. ಅಲ್ಲಿ ಮಣ್ಣಿನ ಗೆರೆಗಳು ಕುದುರೆಯ ಮೈಯ ಉಬ್ಬುತಗ್ಗುಗಳ ಮೇಲೆ ಹರಿಯುತ್ತವೆ. ಬಟ್ಟಲಿನ ಸರಳ ವಕ್ರದಲ್ಲಿ ಗೆರೆಯನ್ನು ಉಳಿಸಿಕೊಳ್ಳುವುದೇ ಕಷ್ಟವಾಗಿರುವಾಗ ಕುದುರೆಯ ಕೊರಳಿನ ತಿರುವಿನಲ್ಲಿ ಅದನ್ನು ಸಾಧಿಸಿದ ಕೈಯ ಬಗ್ಗೆ ನನಗೆ ಅಪಾರವಾದ ಗೌರವವಿದೆ. ಜಿಯಾವೊತಾಯ್ ಪಾತ್ರೆ ಕೊಳ್ಳುವ ಮೊದಲು, ಅವಕಾಶವಿದ್ದವರು, ಆ ಪ್ರತಿಮೆಯನ್ನು ಒಮ್ಮೆ ನೋಡಬೇಕು.

ನಾನು ಕೊಂಡ ದಿಂಬು ಅಂಥ ಎತ್ತರಕ್ಕೆ ಏರುವುದಿಲ್ಲ. ಮೂಲದ ತಾಂಗ್ ದಿಂಬುಗಳು ತೀರ ಚಿಕ್ಕವು, ಒಂದು ಗೇಣಿಗಿಂತಲೂ ಕಡಿಮೆ ಉದ್ದ. ತಲೆ ಇಡಲು ಸಾಲದ ಆ ಗಾತ್ರದಿಂದಾಗಿ ಅವು ವೈದ್ಯರು ನಾಡಿ ನೋಡುವಾಗ ರೋಗಿಯ ಮಣಿಕಟ್ಟಿಗೆ ಆಸರೆಯಾಗಿದ್ದವು ಎಂದು ಕೆಲವು ವಿದ್ವಾಂಸರೂ, ಬರೆಯುವವರ ಕೈಗೆ ಆಸರೆಯಾಗಿದ್ದವು ಎಂದು ಇನ್ನು ಕೆಲವರೂ ವಾದಿಸಿದ್ದಾರೆ. ಕೆಲವು ದಿಂಬುಗಳ ತಳದಲ್ಲಿ ‘ಪೇಯ್ ಮನೆತನದ ಹೂದಿಂಬು’ ಎಂದು ಗೀರಿರುವುದು ಸಿಕ್ಕಿದೆ. ಚಿತ್ತಾರದ ದಿಂಬುಗಳಿಗೆ ಆಗಲೇ ಮನೆತನದ ಗುರುತು ಹಾಕಿ ಮಾರುವಷ್ಟು ಬೇಡಿಕೆ ಇತ್ತೆಂದು ಇದರಿಂದ ಊಹಿಸಬಹುದು. ಈ ದಿಂಬುಗಳಲ್ಲಿ ಎರಡು ಮಣ್ಣಿನ ತೆಳು ಬಿಲ್ಲೆಗಳನ್ನು ಸಾದಾ ಮಣ್ಣಿನ ಪೆಟ್ಟಿಗೆಯ ಮೇಲೆ ಹೊದಿಸುವ ಪದ್ಧತಿಯೂ ಇತ್ತು. ಆದ್ದರಿಂದ ನನ್ನ ಪ್ರತಿಕೃತಿಯಲ್ಲಿ ಚಿತ್ತಾರ ಹೊದಿಕೆಯಾಗಿಯಷ್ಟೇ ಇರುವುದನ್ನು ನಾನು ದೋಷವೆಂದು ಪರಿಗಣಿಸುವುದಿಲ್ಲ; ಹೊದಿಕೆಯೂ ಬಣ್ಣವಲ್ಲ, ದಪ್ಪವಿರುವ ಮಣ್ಣೇ.

ದೋಷಗಳಿರುವುದು ಬೇರೆ ಕಡೆ. ಮೇಲ್ಮೈಯಲ್ಲಿ ಮೂರು ದುಂಡು ಹೂಗಳನ್ನು ತ್ರಿಕೋನವಾಗಿ ಕೂರಿಸುವ ಹಳೆಯ ವಿನ್ಯಾಸವನ್ನು ಅನುಸರಿಸಲಾಗಿದೆ, ಆದರೆ ಹೂಗಳ ಅಂಚಿನಲ್ಲಿ ಬೆಸುಗೆ ಕೂಡದೆ ಕೂದಲೆಳೆಯ ಸೀಳುಗಳು ಉಳಿದಿವೆ. ಅವುಗಳನ್ನು ಗ್ಲೇಜಿನಿಂದ ತುಂಬಿ ಮರೆಮಾಡಲಾಗಿದೆ. ಪಕ್ಕಗಳಲ್ಲಿ ಬಿಲ್ಲೆಗಳು ಒಂದನ್ನೊಂದು ಸಂಧಿಸುವ ಮೂಲೆಗಳಲ್ಲಿ ಗೆರೆಗಳು ಹೊಂದಿಕೆಯಾಗಿಲ್ಲ. ಅರೆ ಒಣಗಿದಾಗ ಮೇಲಿನ ಪದರವನ್ನು ಹರಿತವಾದ ಅಲಗಿನಿಂದ ಕೆರೆದು ತೆಗೆಯಬೇಕು, ಆಗಷ್ಟೇ ಕೈ ತಾಗಿ ಕಲೆಸಿಹೋದ ಮಣ್ಣು ಹೋಗಿ ಶುದ್ಧವಾದ ಗೆರೆ ಹೊರಬರುತ್ತದೆ. ಇಲ್ಲಿ ಆ ಕೆಲಸವನ್ನು ಅವಸರದಲ್ಲಿ ಮುಗಿಸಿದ್ದಾರೆ, ಆದ್ದರಿಂದ ಒಂದು ಬದಿಯಲ್ಲಿ ಬಿಳಿ ಗೆರೆಗಳ ಮೇಲೆ ಕಂದು ಮಸುಕು ಹರಡಿದೆ. ಮೇಲೆ ಹಚ್ಚಿದ ಕಂದುಹಳದಿ ಗ್ಲೇಜ್ ಎಲ್ಲ ಕಡೆ ಒಂದೇ ದಪ್ಪ, ಒಂದೇ ಹೊಳಪು. ಕರಗಿದ ಸೀಸದ ಗ್ಲೇಜ್ ಸಲೀಸಾಗಿ ಹರಿಯುವಂಥದ್ದು. ಹಳೆಯ ಪಾತ್ರೆಗಳಲ್ಲಿ ಅದು ಮೂಲೆಗಳಲ್ಲಿ ತೆಳುವಾಗಿ, ತಗ್ಗುಗಳಲ್ಲಿ ಮಡುಗಟ್ಟಿ, ಕೆಳಗೆ ಹನಿಯಾಗಿ ನಿಂತಿರುತ್ತದೆ. ಆ ಹರಿವು ಇಲ್ಲದಿದ್ದರೆ ತಾಂಗ್ ಕಾಲದ ವಸ್ತುವಿನ ಜೀವವೇ ಇಲ್ಲ. ಇದಕ್ಕೆ ಕೊಟ್ಟ ಸುಮಾರು 900 ಯುವಾನ್ ಅತಿಯಾಯಿತು.

ಎಲ್ಲಕ್ಕಿಂತ ಗಂಭೀರವಾದ ವಿಷಯ ಇನ್ನೊಂದಿದೆ. ಈ ದಿಂಬಿನ ಗ್ಲೇಜಿನಲ್ಲಿ ಸೀಸವಿದೆ ಎಂಬುದು ವಿಚಾರಿಸಿದ ಮೇಲೆಯೇ ತಿಳಿಯಿತು. ಚೀಟಿಯಲ್ಲಾಗಲಿ ಪೆಟ್ಟಿಗೆಯಲ್ಲಾಗಲಿ ಅದರ ಸುಳಿವಿರಲಿಲ್ಲ. ಅಲಂಕಾರಕ್ಕೆ ಇಡುವ ದಿಂಬಿನಲ್ಲಿ ಸೀಸವಿರುವುದು ತಪ್ಪಲ್ಲ, ಮೂಲದ ವಿಧಾನವೇ ಅದು, ಮತ್ತು ತಾಂಗ್ ಕಾಲದ ಬಹುಪಾಲು ಸಾನ್‌ತ್ಸಾಯ್ ವಸ್ತುಗಳು ಸಮಾಧಿಗಳಲ್ಲಿ ಇಡಲೆಂದೇ ತಯಾರಾದವು. ಆದರೆ ಅದೇ ಕಪಾಟಿನಲ್ಲಿ, ಅದೇ ಗ್ಲೇಜಿನ ಹಸಿರು ಮತ್ತು ಕಂದುಹಳದಿ ಬಟ್ಟಲುಗಳೂ ಇದ್ದವು. ಹುಳಿಯಾದ ಪಾನೀಯ ಸೀಸದ ಗ್ಲೇಜಿನಿಂದ ಸೀಸವನ್ನು ಹೊರಗೆಳೆಯುತ್ತದೆ, ಗ್ಲೇಜಿನಲ್ಲಿ ಹಸಿರಿಗಾಗಿ ತಾಮ್ರ ಸೇರಿಸಿದ್ದರೆ ಇನ್ನೂ ಹೆಚ್ಚಾಗಿ. ಅಂಥ ಬಟ್ಟಲನ್ನು ಯಾರಾದರೂ ಚಹಾಕ್ಕೋ ಹಣ್ಣಿನ ರಸಕ್ಕೋ ಬಳಸಬಹುದೆಂಬ ಯೋಚನೆ ಮಾರುವವರಿಗೆ ಬರಬೇಕಿತ್ತು. ಅವುಗಳನ್ನು ಬೇರೆ ಕಪಾಟಿಗೆ ಸರಿಸಿ, ಊಟಕ್ಕೂ ಪಾನೀಯಕ್ಕೂ ತಕ್ಕುದಲ್ಲ ಎಂದು ದೊಡ್ಡ ಅಕ್ಷರಗಳಲ್ಲಿ ಬರೆದಿಡುವವರೆಗೆ ಆ ಸಾಲಿನ ಯಾವ ವಸ್ತುವನ್ನೂ ಕೊಳ್ಳಲು ನಾನು ಶಿಫಾರಸು ಮಾಡಲಾರೆ.

ಪ್ಯಾಕಿಂಗ್ ಅಚ್ಚುಕಟ್ಟಾಗಿತ್ತು, ಪ್ರತಿ ವಸ್ತುವಿಗೂ ಅದರ ಅಳತೆಗೇ ಕೊರೆದ ಫೋಮ್ ಇರುವ ಪೆಟ್ಟಿಗೆ, ಮೂರೂ ಸುರಕ್ಷಿತವಾಗಿ ಬಂದವು. ದೂರದಿಂದ ತರಿಸಿಕೊಳ್ಳುವವರು ಹೊರಮೈಯ ಚಿತ್ರವೊಂದನ್ನೇ ನಂಬದೆ, ಒಳಮೈಯ ಮತ್ತು ಗ್ಲೇಜಿಲ್ಲದ ತಳದ ಚಿತ್ರಗಳನ್ನು ಕೇಳಿ ಪಡೆಯಬೇಕು, ಗ್ಲೇಜ್ ಹೆಚ್ಚಿನ ಶಾಖದ್ದೋ ಸೀಸದ್ದೋ ಎಂಬುದನ್ನು ಬರಹದಲ್ಲಿಯೇ ಖಚಿತಪಡಿಸಿಕೊಳ್ಳಬೇಕು. ಗರಿ ಚಿತ್ತಾರದ ಬಟ್ಟಲುಗಳಲ್ಲಿ ಮೂರು ಬಣ್ಣದ ಮಣ್ಣಿನವೂ ಅಲ್ಲಿದ್ದವು, ಬೆಲೆ ಇನ್ನೂ ಹೆಚ್ಚು. ಆದರೆ ಮೂರನೆಯ ಬಣ್ಣ ಸೇರಿದಾಗ ಗರಿಯ ಎಳೆಗಳು ಒಂದರೊಳಗೊಂದು ಗೋಜಲಾಗುತ್ತವೆ ಎನಿಸಿದ್ದರಿಂದ, ಇನ್ನೊಂದು ಕೊಳ್ಳುವುದಾದರೆ ಬಿಳಿ ಮತ್ತು ಕಂದಿನ ಬಟ್ಟಲನ್ನೇ ಕೊಳ್ಳುತ್ತೇನೆ.